ತಿದ್ದದೆ ತೆಗೆದ ಫೋಟೋ

ನಮ್ಮ ಯಜಮಾನರನ್ನು ಬೀದಿಯವರೆಲ್ಲ ಕರೆಯುವುದು ‘ಗದ್ದ ಮೇಲೆ’ ಎಂದು. ಮೂವತ್ತು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿದ್ದಾರೆ. ಸ್ಟೂಲಿನ ಮೇಲೆ ಕೂತವರು ಯಾರೇ ಆಗಲಿ, ಇವರ ಬಾಯಿಂದ ಮೊದಲು ಬರುವುದು ಆ ಎರಡೇ ಮಾತು. ತರಕಾರಿ ಅಂಗಡಿಯವನು ಇವರನ್ನು ಕಂಡರೆ ಮಾತಾಡಿಸುವ ಬದಲು ಗದ್ದ ಎತ್ತಿ ತೋರಿಸುತ್ತಾನೆ. ಇವರಿಗೆ ಅದಕ್ಕೂ ನಗು. ಮನುಷ್ಯನಿಗೆ ಇಷ್ಟು ಸಮಾಧಾನ ಇರಬಾರದಪ್ಪ, ಮನೆಯ ಪಾಲಿನ ಸಿಟ್ಟನ್ನೆಲ್ಲ ನಾನೊಬ್ಬಳೇ ಮಾಡಿ ತೀರಿಸಬೇಕಾಗುತ್ತದೆ.

ಸ್ಟುಡಿಯೋ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಗೋಡೆಗೆ ಬಿಳಿ ಬಟ್ಟೆ, ಎರಡು ದೀಪ, ತಿರುಗಿಸಿದರೆ ಏರಿಳಿಯುವ ಸ್ಟೂಲು, ಮೊಳೆಗೆ ನೇತುಹಾಕಿದ ಒಂದು ಕಪ್ಪು ಕೋಟು. ಅದು ಊರಿನವರೆಲ್ಲರ ಕೋಟು. ದಪ್ಪಗಿದ್ದವರಿಗೆ ಗುಂಡಿ ಹಾಕದೆ, ತೆಳ್ಳಗಿದ್ದವರಿಗೆ ಬೆನ್ನ ಹಿಂದೆ ಕ್ಲಿಪ್ಪು ಸಿಕ್ಕಿಸಿ ಸರಿಹೊಂದಿಸುತ್ತಾರೆ. ಮೂಲೆಯಲ್ಲಿ ಕಂಪ್ಯೂಟರು. ಅದರ ಮುಂದೆ ಕೂತರೆಂದರೆ ಮುಗಿಯಿತು, ಊಟಕ್ಕೆ ಮೂರು ಸಲ ಕರೆಯಬೇಕು. ಕಣ್ಣಿನ ಕೆಳಗಿನ ಕಪ್ಪು, ಹಣೆಯ ಗೆರೆ, ಮೊಡವೆ, ಎಲ್ಲವನ್ನೂ ಒರೆಸಿ ಹಾಕುತ್ತಾರೆ. ಒರೆಸಿದ್ದು ಯಾರಿಗೂ ಗೊತ್ತಾಗುವುದಿಲ್ಲ. ‘ಪರವಾಗಿಲ್ಲ, ನಾನೂ ಚೆನ್ನಾಗೇ ಇದ್ದೀನಿ’ ಎಂದುಕೊಂಡು ಜನ ಖುಷಿಯಾಗಿ ಹೋಗುತ್ತಾರೆ.

ವೀಸಾ ಫೋಟೋಗೆ ಮಾತ್ರ ಈ ಉಪಚಾರ ಇಲ್ಲ. ಯಾವ ದೇಶಕ್ಕೆ ಎಷ್ಟು ಅಗಲ, ಎಷ್ಟು ಉದ್ದ, ಕಿವಿ ಕಾಣಬೇಕೋ ಬೇಡವೋ, ಎಲ್ಲ ಇವರಿಗೆ ಬಾಯಿಪಾಠ. ‘ವೀಸಾ ಫೋಟೋ ತಿದ್ದುವುದಿಲ್ಲ, ದಯವಿಟ್ಟು ಕೇಳಬೇಡಿ’ ಎಂದು ಸ್ವಂತ ಅಕ್ಷರದಲ್ಲಿ ಬರೆದು ಅಂಟಿಸಿದ್ದಾರೆ. ಒಮ್ಮೆ ಬ್ಯಾಂಕಿನ ಮ್ಯಾನೇಜರಮ್ಮ ಬಂದು, “ಈ ಮಚ್ಚೆ ಒಂದನ್ನ ತೆಗೆದುಬಿಡಿ, ಸಾಕು” ಎಂದು ಪಟ್ಟು ಹಿಡಿದಿದ್ದರು. ಇವರು ಕೇಳಿದ್ದು ಇಷ್ಟೇ: “ಮಚ್ಚೇನ ಇಲ್ಲಿ ಬಿಟ್ಟು ಮುಖ ಒಂದನ್ನೇ ಕರ್ಕೊಂಡು ಹೋಗ್ತೀರಾ ಮೇಡಂ?” ಆಯಮ್ಮ ನಕ್ಕು ಮಚ್ಚೆ ಸಮೇತದ ಫೋಟೋವನ್ನೇ ತೆಗೆದುಕೊಂಡು ಹೋದರು.

ಇಂಥ ನಿಯತ್ತಿನ ಮನುಷ್ಯ ನನ್ನ ಪಾಲಿಗೆ ಏನು ಮಾಡಿದರು ಎಂದು ಹೇಳುವ ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು.

ನಮ್ಮಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನಾರು. ನನಗೆ ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು, ಶಾಲೆ ತಪ್ಪಿಸಿದರೆ ಬೆನ್ನಿಗೆ ಬಾರಿಸಿದ್ದು ಎಲ್ಲ ಅವಳೇ. ಭಾವನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿ ಅವಳು ಹೋಗಿ ಇಪ್ಪತ್ತೊಂದು ವರ್ಷವಾಯಿತು, ಒಮ್ಮೆಯೂ ಊರಿಗೆ ಬರಲಾಗಲಿಲ್ಲ. ಅಲ್ಲಿ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಫೋನಿನಲ್ಲಿ ಪ್ರತಿ ಸಲವೂ ಒಂದೇ ರಾಗ: “ತವರಿನವರು ಅಂತ ಒಬ್ರಾದ್ರೂ ನಮ್ಮನೆ ಹೊಸ್ತಿಲು ತುಳೀಲಿಲ್ಲ ಕಣೆ ಪುಟ್ಟಿ.” ತವರು ಎಂದರೆ ಈಗ ನಾನೊಬ್ಬಳೇ. ಆ ಮಾತು ಕೇಳಿದ ದಿನ ನನಗೆ ಅನ್ನ ಸೇರುತ್ತಿರಲಿಲ್ಲ. ಈ ವರ್ಷ ಅವಳಿಗೆ ಹದಿನೈದು ದಿನ ರಜೆ ಸಿಕ್ಕಿತು. ಆ ರಜೆ ತಪ್ಪಿದರೆ ಮತ್ತೆ ಯಾವ ಕಾಲಕ್ಕೋ. ಆಹ್ವಾನದ ಪತ್ರ ಕಳಿಸಿದಳು, ನಾವಿಬ್ಬರೂ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿದೆವು.

ಅರ್ಜಿ ಎಂದರೆ ಒಂದೇ, ಎರಡೇ? ಮನೆ ಪತ್ರ, ಅಂಗಡಿಯ ಲೈಸೆನ್ಸು, ವಾಪಸು ಬರುವ ಟಿಕೆಟ್ಟು. ನಾವು ಅಲ್ಲೇ ಉಳಿದುಬಿಡುವುದಿಲ್ಲ ಎಂದು ಅವರನ್ನು ನಂಬಿಸಬೇಕಂತೆ. ಇವರ ಗೊರಕೆಯನ್ನೂ ನನ್ನ ಮಂಡಿನೋವನ್ನೂ ಇಟ್ಟುಕೊಂಡು ಆ ದೇಶ ಏನು ಮಾಡುತ್ತದೋ ನಾ ಕಾಣೆ. ಫೋಟೋ ಮಾತ್ರ ಮನೆಯಲ್ಲೇ ಆಯಿತು. ಇವರು ತಮ್ಮದನ್ನು ತಾವೇ ಗುಂಡಿ ಒತ್ತಿ ಓಡಿಹೋಗಿ ಕೂತು ತೆಗೆದುಕೊಂಡರು. ಆಮೇಲೆ ನನ್ನನ್ನು ಕೂರಿಸಿದರು. ಪ್ರಿಂಟನ್ನು ಅರ್ಜಿಗೆ ಅಂಟಿಸಿದ್ದೂ ಇವರೇ, ನಾನು ನೋಡಿರಲಿಲ್ಲ.

ಹತ್ತು ದಿನಕ್ಕೆ ವೀಸಾ ಕೇಂದ್ರದಿಂದ ಕರೆ ಬಂತು. ಟೋಕನ್ ಹಿಡಿದು ಕಾದೆವು. ಇವರ ಪಾಸ್‌ಪೋರ್ಟಿಗೆ ವೀಸಾ ಅಂಟಿಸಿ ಕೊಟ್ಟರು. ನನ್ನದನ್ನು ಕೌಂಟರಿನ ಹುಡುಗಿ ಗಾಜಿನ ಆಚೆಯೇ ಇಟ್ಟುಕೊಂಡಳು.

“ಮೇಡಂ, ಗುರುತು ಅನ್ನೋ ಕಡೆ ‘ಎಡಹುಬ್ಬಿನ ಮೇಲೆ ಗಾಯದ ಕಲೆ’ ಅಂತ ಬರೆದಿದ್ದೀರಿ. ಪಾಸ್‌ಪೋರ್ಟ್ ಫೋಟೋದಲ್ಲೂ ಇದೆ. ಈ ಫೋಟೋದಲ್ಲಿ ಎಲ್ಲಿದೆ?”

ಫೋಟೋ ತಿರುಗಿಸಿ ತೋರಿಸಿದಳು. ಕಲೆ ಇಲ್ಲ. ಹಣೆಯ ಮೇಲೆ ಗೆರೆ ಇಲ್ಲ. ಕಿವಿಯ ಪಕ್ಕದ ಬಿಳಿಕೂದಲೂ ಇಲ್ಲ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ‘ಎಷ್ಟು ಲಕ್ಷಣವಾಗಿದ್ದೀನಿ’ ಎಂದೇ ಅನ್ನಿಸಿತು.

“ತಿದ್ದಿದ ಫೋಟೋ ಅಂತ ಅರ್ಜಿ ವಾಪಸ್ ಬಂದಿದೆ. ಹೊಸದಾಗಿ ಹಾಕಿ. ಯಾವ ಸ್ಟುಡಿಯೋದಲ್ಲಿ ತೆಗೆಸಿದ್ರಿ? ಅಂಥ ಕಡೆ ಇನ್ಮೇಲೆ ಹೋಗ್ಬೇಡಿ” ಎಂದಳು ಹುಡುಗಿ.

ನಾನು ಪಕ್ಕಕ್ಕೆ ನೋಡಿದೆ. ಇವರು ಮೇಲೆ ಫ್ಯಾನು ನೋಡುತ್ತಾ ನಿಂತಿದ್ದರು. “ಇಲ್ಲಮ್ಮ, ಹೋಗಲ್ಲ” ಎಂದು ತಾವೇ ಉತ್ತರ ಕೊಟ್ಟರು.

ವಿಮಾನಕ್ಕೆ ಇನ್ನು ಹದಿನಾರು ದಿನ. ಹೊಸ ಅರ್ಜಿಗೆ ಹನ್ನೆರಡು ದಿನವಾದರೂ ಬೇಕು, ಅದೂ ಎಲ್ಲ ಸರಿಯಿದ್ದರೆ. ಬಸ್ಸಿನಲ್ಲಿ ಕೂತದ್ದೇ ತಡ, ಜನ ಕೇಳಿಸಿಕೊಳ್ಳುತ್ತಾರೆಂಬುದನ್ನೂ ಮರೆತು ಹರಿಹಾಯ್ದೆ. “ಊರಿಗೆಲ್ಲ ಬೋರ್ಡ್ ಹಾಕ್ತೀರ. ನನ್ನ ಮುಖ ಏನು ಪಾಪ ಮಾಡಿತ್ತು? ಈಗ ನಮ್ಮಕ್ಕನ್ನ ನೋಡೋಕೆ ನೀವೊಬ್ರೇ ಹೋಗಿ ಬನ್ನಿ.”

“ಕೈ ತಾನಾಗೇ ಹೋಯ್ತು ಕಣೆ.”

“ಗೆರೆ, ಬಿಳಿಕೂದಲು ಹೋಗ್ಲಿ. ಹುಬ್ಬಿನ ಕಲೆ ಮದುವೆ ದಿನಾನೂ ಇತ್ತಲ್ಲ, ಅದನ್ನ ಯಾಕೆ ತೆಗೆದ್ರಿ?”

ಇವರು ತಿರುಗಿ ನನ್ನ ಹುಬ್ಬು ನೋಡಿದರು. “ನಿನ್ನ ನೋಡುವಾಗ ಅದು ನನಗೆ ಕಾಣೋದೇ ಇಲ್ಲ. ಫೋಟೋದಲ್ಲಿ ಕಂಡಾಗ ಲೆನ್ಸ್ ಮೇಲೆ ಧೂಳು ಕೂತಿದೆ ಅಂದ್ಕೊಂಡೆ.”

ಮೂವತ್ತು ವರ್ಷ ಎದುರಿಗೇ ಕೂತು ಉಂಡ ಮನುಷ್ಯ ಆಡುವ ಮಾತೇ ಇದು? ಮುಂದಿನ ಸೀಟಿನ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನನಗೂ ನಗು ಬಂತು, ಆದರೆ ಇವರಿಗೆ ಕಾಣದಂತೆ ಕಿಟಕಿಯ ಕಡೆ ತಿರುಗಿ ಕೂತೆ.

ಮನೆಗೆ ಬಂದವಳೇ ಎದುರು ಬೀದಿಯ ಸ್ಟುಡಿಯೋಗೆ ಹೊರಟೆ. ಇವರು ಬಾಗಿಲಿಗೆ ಅಡ್ಡ ನಿಂತರು. “ಬೇಡ, ನಾನೇ ತೆಗೀತೀನಿ. ಮುಟ್ಟಲ್ಲ ಅಂತ ಆಣೆ ಬೇಕಾದ್ರೂ ಇಡ್ತೀನಿ.” ಆಣೆಯೆಲ್ಲ ಬೇಡ ಎಂದು, ಫೋಟೋ ತೆಗೆದ ಮೇಲೆ ಕುರ್ಚಿ ಎಳೆದುಕೊಂಡು ಇವರ ಪಕ್ಕದಲ್ಲೇ ಕಾವಲು ಕೂತೆ. ಪರದೆಯ ತುಂಬ ನನ್ನ ಮುಖ ಬಂತು. ಆ ಮುಖವನ್ನು ನಾನೂ ಅಷ್ಟು ದೊಡ್ಡದಾಗಿ ನೋಡಿರಲಿಲ್ಲ. ಕಣ್ಣಿನ ಕೆಳಗೆ ಊದಿಕೊಂಡಿತ್ತು, ಬಾಯಿಯ ಎರಡೂ ಕಡೆ ಗೆರೆ ಇಳಿದಿತ್ತು. ಮನಸ್ಸಿಗೆ ಒಂಥರಾ ಪಿಚ್ಚೆನಿಸಿತು. ಒರೆಸಲಿ ಬಿಡು ಎಂದು ನನಗೇ ಅನ್ನಿಸಿಬಿಟ್ಟಿತು.

ಇವರು ಮೌಸ್ ಮುಟ್ಟಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ನೋಡಿದರು. “ನೀನು ಇಷ್ಟು ದಣಿದಿದ್ದೀಯ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣೆ” ಎಂದರು.

“ಈಗ ಗೊತ್ತಾಯ್ತಲ್ಲ. ಪ್ರಿಂಟ್ ಹಾಕಿ” ಎಂದೆ. ಮಾರನೆಯ ಬೆಳಿಗ್ಗೆಯಿಂದ ಪಾತ್ರೆ ತೊಳೆಯುವ ಕೆಲಸ ಇವರದಾಯಿತು. ಒಂದು ಗಾಜಿನ ಲೋಟವೂ ಉಳಿದಿಲ್ಲ, ಅದು ಬೇರೆ ಮಾತು.

ಕಾಯುವ ದಿನಗಳಲ್ಲಿ ಇವರು ಊರಿನವರೆಲ್ಲರ ಆ ಕಪ್ಪು ಕೋಟು ತೊಟ್ಟು ಸ್ಟೂಲಿನ ಮೇಲೆ ಕೂತು, ಆ ದೇಶದ ಅಧಿಕಾರಿಯಾಗಿ ನನ್ನನ್ನು ಪ್ರಶ್ನೆ ಮಾಡುತ್ತಿದ್ದರು. “ಯಾಕೆ ಬಂದಿದ್ದೀರಿ?” “ಅಕ್ಕನ ಹತ್ರ ಗಂಡನ ಮೇಲೆ ದೂರು ಹೇಳೋಕೆ.” “ಎಷ್ಟು ದಿನ?” “ಹದಿನೈದು ದಿನ ಸಾಲಲ್ಲ ಸ್ವಾಮಿ.” ನಗುತ್ತಿದ್ದೆವು ನಿಜ, ಆದರೆ ಫೋನು ಗುಂಯ್ ಎಂದರೂ ಇಬ್ಬರೂ ಓಡುತ್ತಿದ್ದೆವು. ವಿಮಾನಕ್ಕೆ ಮೂರು ದಿನ ಇರುವಾಗ ವೀಸಾ ಬಂತು. ಹೋದ ಜೀವ ಬಂದಂತಾಯಿತು.

ಅಲ್ಲಿ ಇಳಿದಾಗ ನಿಜವಾದ ಅಧಿಕಾರಿ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಕನ್ನಡಕ ತೆಗೆಸಿದ, ಫೋಟೋ ನೋಡಿದ, ಮುಖ ನೋಡಿದ, ಮುದ್ರೆ ಒತ್ತಿದ. ಅಷ್ಟೂ ದಿನ ಉತ್ತರ ಬಾಯಿಪಾಠ ಮಾಡಿದ್ದು ದಂಡವಾಯಿತು ಎಂದು ಇವರಿಗೆ ಬೇಜಾರು.

ಹೊರಗೆ ಕಂಬಿಯ ಆಚೆ ಅಕ್ಕ ನಿಂತಿದ್ದಳು. ನನ್ನನ್ನು ದಾಟಿ ಹಿಂದೆ ಬರುವವರಲ್ಲಿ ಯಾರನ್ನೋ ಹುಡುಕುತ್ತಿದ್ದಳು. ತಲೆಕೂದಲು ಕಡುಕಪ್ಪು; ಎರಡೂ ಕಿವಿಯ ತುದಿಗೆ ಬಣ್ಣ ಮೆತ್ತಿತ್ತು. ನಾನು “ಅಕ್ಕ” ಎಂದೆ. ಅವಳು ನನ್ನನ್ನು ನೋಡಿ, ಕೈ ಚಾಚಿ ನನ್ನ ಹಣೆ ಸವರಿದಳು.

“ಪುಟ್ಟಿ, ನಿಂಗೂ ವಯಸ್ಸಾಗಿದೆ” ಎಂದವಳೇ ನಗುತ್ತಾ ಅಳುವುದಕ್ಕೆ ಶುರುಮಾಡಿದಳು.

“ಮತ್ತೆ? ಆಗಬಾರದಾ?”

“ವರ್ಷ ವರ್ಷ ನಿನ್ನ ಫೋಟೋ ಕಳಿಸ್ತಿದ್ರಲ್ಲ ಇವರು, ನೀನು ಇದ್ದ ಹಾಗೇ ಇರ್ತಿದ್ದೆ. ನಾನೊಬ್ಳೇ ಮುದುಕಿಯಾಗ್ತಿದ್ದೀನಿ ಅಂತ ನಾಚಿಕೆಯಾಗೋದು. ಅದಕ್ಕೇ ನೀನು ಫೋನಲ್ಲಿ ಮುಖ ತೋರಿಸು ಅಂದಾಗೆಲ್ಲ ಕ್ಯಾಮೆರಾ ಕೆಟ್ಟಿದೆ ಅಂತಿದ್ದೆ. ಇವತ್ತು ಬೆಳಿಗ್ಗೆ ಎದ್ದು ಬಣ್ಣ ಹಚ್ಕೊಂಡು ಬಂದೆ.”

ಪೆಟ್ಟಿಗೆ ಹಿಡಿದು ನಿಂತಿದ್ದ ಇವರ ಮುಖ ಸಣ್ಣದಾಯಿತು. “ಅಕ್ಕಾ, ಅವನ್ನೆಲ್ಲ ನಾನು ತಿದ್ದಿದ್ದು” ಎಂದರು. “ನಿಮಗೆ ಖುಷಿಯಾಗ್ಲಿ ಅಂತ ಮಾಡಿದ್ದು.”

ಅಕ್ಕ ಇವರನ್ನು ಬೈಯಲಿಲ್ಲ. ನನ್ನ ಕೈ ಹಿಡಿದವಳು ಬಿಡಲೂ ಇಲ್ಲ. ಅವಳ ಮನೆಯವರೆಗೂ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಅವಳ ಸೊಂಟ ಎಂದಿನಿಂದ ಹಿಡಿದುಕೊಂಡಿದೆ, ನನ್ನ ಮಂಡಿ ಎಲ್ಲಿ ನೋಯುತ್ತದೆ, ಇಬ್ಬರಿಗೂ ಯಾವ ಯಾವ ಮಾತ್ರೆ ಎಂದು ಒಂದೊಂದಾಗಿ ಹೇಳಿಕೊಂಡೆವು. ಇಪ್ಪತ್ತೊಂದು ವರ್ಷ ಫೋನಿನಲ್ಲಿ ಹೇಗಿದ್ದೀಯ ಎಂದರೆ ನಾವಿಬ್ಬರೂ ‘ಚೆನ್ನಾಗಿದ್ದೀನಿ’ ಎಂಬುದನ್ನು ಬಿಟ್ಟು ಬೇರೇನೂ ಹೇಳಿರಲಿಲ್ಲ.