ಉಡಗಳ ನಡುವೆ ಒಂದು ಮುಖ

ನಮ್ಮ ಮನೆಯಲ್ಲಿ ಉಡದ ಫೋಟೊಗಳಿಗೆ ಬರವಿಲ್ಲ. ಬಿಸಿಲು ಕಾಯಿಸುವ ಉಡ, ಜೊಂಡಿನಿಂದ ತಲೆ ಹೊರಹಾಕಿದ ಉಡ, ಏಡಿ ನುಂಗುವ ಉಡ. ಹೋದ ವರ್ಷ ನನ್ನ ಯಜಮಾನರು ತೀರಿಕೊಂಡಾಗ ವೈಕುಂಠ ಸಮಾರಾಧನೆಯಲ್ಲಿ ಹಾರ ಹಾಕಲು ಇವರದೇ ಒಂದು ಒಳ್ಳೆಯ ಫೋಟೊ ಸಿಗಲಿಲ್ಲ. ಎಲ್ಲಿ ಹೋದರೂ "ನೀವ್ ನಿಂತ್ಕೊಳ್ಳಿ, ನಾನ್ ತೆಗೀತೀನಿ" ಎನ್ನುತ್ತಿದ್ದ ಪುಣ್ಯಾತ್ಮ! ಉಳಿದದ್ದು ಆಧಾರ್ ಕಾರ್ಡಿನ ಫೋಟೊ. ಅದರಲ್ಲಿ ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗಿದ್ದರು. ಅದಕ್ಕೆ ಹಾರ ಹಾಕಲು ನನಗೆ ಮನಸ್ಸೇ ಬರಲಿಲ್ಲ. ನನಗೆ ಬೇಕಿದ್ದದ್ದು ಪುಟ್ಟೇನಹಳ್ಳಿ ಕೆರೆ ಏರಿಯ ಮೇಲಿನ ಇವರ ಮುಖ.

ಆ ಭಾನುವಾರಗಳು! ಯಲಹಂಕದ ನಮ್ಮ ಮನೆಯಿಂದ ಬಿಸಿಲೇರುವ ಹೊತ್ತಿಗೆ ಹೊರಡುತ್ತಿದ್ದೆವು. ರಾತ್ರಿಯ ತಂಪಿಗೆ ಜಡವಾದ ಉಡ ಮೈ ಕಾಯಿಸಿಕೊಳ್ಳಲು ಕಲ್ಲಿನ ಮೇಲೆ ಬರುವುದು ಆಗಲೇ. ಇವರು ಗೋಣಿಚೀಲ ಹಾಸಿಕೊಂಡು ಬೋರಲು ಮಲಗುತ್ತಿದ್ದರು. ನನಗೋ ನೂರೆಂಟು ಕಟ್ಟಪ್ಪಣೆ. ಕೆಂಪು ಸೀರೆ ಕೂಡದು, ಕಲ್ಲಿನ ಮೇಲೆ ನೆರಳು ಬೀಳಬಾರದು, ಸ್ಟೀಲ್ ಡಬ್ಬಿ ಸದ್ದು ಮಾಡುತ್ತದೆ, ಚಿತ್ರಾನ್ನವನ್ನು ಬಾಳೆ ಎಲೆಯಲ್ಲೇ ಕಟ್ಟಿಕೊಂಡು ಬರಬೇಕು. ಹಲ್ಲಿಯ ಜಾತಿಯದಾದರೂ ಎರಡು ಮೊಳ ಉದ್ದದ ಪ್ರಾಣಿ. ಮೊದಮೊದಲು ಅದರ ಬಾಲ ಕಂಡರೇ ನನಗೆ ಮೈ ಜುಮ್ಮೆನ್ನುತ್ತಿತ್ತು. ಆದರೆ ಅದು ಸೀಳುನಾಲಿಗೆ ಚಾಚುತ್ತ ಹತ್ತಿರ ಬಂದಷ್ಟೂ ಇವರ ಮುಖ ಅರಳುತ್ತಿತ್ತು. ಅದನ್ನು ನೋಡಲೆಂದೇ ನಾನೂ ಉಡದ ದಾರಿ ಕಾಯತೊಡಗಿದೆ. ಎಷ್ಟು ಸುಖವಾಗಿದ್ದೆವು!

ಮೆಮೊರಿ ಕಾರ್ಡುಗಳನ್ನೆಲ್ಲ ಮಗಳ ಲ್ಯಾಪ್‌ಟಾಪಿಗೆ ಹಾಕಿಸಿ ಹುಡುಕಿದೆ. ಉಡ, ಉಡ, ಉಡ. ಕಡೆಗೊಂದು ಕಾರ್ಡಿನಲ್ಲಿ ಇವರು ಸಿಕ್ಕರು. ಶೂ ಲೇಸ್ ಕಟ್ಟಿಕೊಳ್ಳಲೆಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟಿದ್ದ ದಿನ ಅದು. ಅಷ್ಟರಲ್ಲಿ ಇವರ ಬೆನ್ನ ಹಿಂದೆಯೇ ಉಡ ಬಂತು. "ರೀ, ಹಿಂದೆ..." ಎಂದೆ. ಹಿಂದೆ ನೋಡಿದವರು ಮತ್ತೆ ನನ್ನತ್ತ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಒತ್ತು ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಒತ್ತಿದೆ. ಉಡ ಮಸುಕಾಯಿತು, ಇವರು ಸ್ಪಷ್ಟವಾಗಿ ಬಂದರು. "ಉಡ ಬಿಟ್ಟು ನನ್ನನ್ಯಾಕೆ ತೆಗ್ದೆ ತಾಯಿ?" ಎಂದು ಮನೆ ಸೇರುವವರೆಗೂ ಗೊಣಗಿದ್ದರು.

ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ನನ್ನ ನಾದಿನಿಗೆ ಸಮಾಧಾನವಿಲ್ಲ.

"ಅತ್ತಿಗೆ, ಹಾರ ಹಾಕೋ ಫೋಟೊಲಿ ಯಾರಾದ್ರೂ ಬಾಯ್ಮೇಲೆ ಬೆರಳಿಟ್ಕೊಂಡಿರ್ತಾರಾ? ಬಂದೋರು ಏನಂದ್ಕೋತಾರೆ?"

"ಏನ್ ಬೇಕಾದ್ರೂ ಅಂದ್ಕೊಳ್ಳಿ ಕಣೇ. ನಿಮ್ಮಣ್ಣ ಇದ್ದಿದ್ದೇ ಹಿಂಗೆ" ಎಂದು ಉಡದ ಪಟ್ಟು ಹಿಡಿದೆ. ಸಮಾರಾಧನೆಯ ದಿನ ಅದಕ್ಕೇ ಹಾರ ಬಿತ್ತು.

ನಡುಮನೆಯ ಗೋಡೆಯ ಮೇಲಿಂದ ಇವರು ಈಗಲೂ ನನಗೆ ಮಾತಾಡಬೇಡ ಎನ್ನುತ್ತಾರೆ. ಇದೊಂದನ್ನು ಮಾತ್ರ ನಾನು ಕೇಳುವುದಿಲ್ಲ. ದಿನಾ ಬೆಳಗ್ಗೆ ಕಾಫಿ ಹಿಡಿದು ಎದುರಿಗೆ ಕೂತು, ಮನೆಯ ಸುದ್ದಿಯನ್ನೆಲ್ಲ ಹೇಳುತ್ತೇನೆ.