ಗೋದಾಮಿನ ಬಿಸಿ ಮೂವತ್ತನಾಲ್ಕು

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಕಂಪ್ಯೂಟರಿನಲ್ಲಿ ಹಿಂಡಿ ಗೋದಾಮಿನ ಬಿಸಿ ಬೆಳಗಿನಿಂದ ಮೂವತ್ತನಾಲ್ಕು ಡಿಗ್ರಿಯಲ್ಲೇ ನಿಂತಿತ್ತು. ಹೊರಗೆ ನೆಲ ಸುಡುವ ಬಿಸಿಲು. ಶೇಂಗಾ ಹಿಂಡಿಯ ರಾಶಿ ಒಳಗೊಳಗೇ ಕಾದು ಹೊತ್ತಿಕೊಳ್ಳುವುದುಂಟು. ಅದಕ್ಕೇ ಚೀಲಗಳ ನಡುವೆ ಬಿಸಿ ಅಳೆಯುವ ಯಂತ್ರ ಇಟ್ಟಿದ್ದರು. ಆ ಗೋದಾಮಿನೊಳಗೆ ನನ್ನ ಚಿಕ್ಕವ್ವ ಚೀಲ ಹೊಲಿಯುತ್ತಿದ್ದಳು. ಏರದ, ಇಳಿಯದ ಸಂಖ್ಯೆ ನೋಡಿ ನನಗೆ ಭಯವಾಯಿತು.

ಹೊಸ ಪ್ರೋಗ್ರಾಮು ಸರಿಯಿದೆಯೇ ನೋಡಲು ಸಾಹುಕಾರರು ನನ್ನನ್ನು ಕರೆಸಿದ್ದರು. ಮೊಳಕಾಲ್ಮೂರಿನ ಮನೆಯಲ್ಲಿ, ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಅದನ್ನು ಪರೀಕ್ಷಿಸಿದ್ದೆ. ಯಂತ್ರ ಕಳಿಸುವ ಯುಡಿಪಿ ಎಂಬ ಬಗೆಯ ಸಂದೇಶಗಳು ಕಂಪ್ಯೂಟರಿಗೆ ಬರುವುದು ಒಂದು ಪೋರ್ಟಿಗೆ, ಅಂದರೆ ನಂಬರು ಹಾಕಿದ ಬಾಗಿಲಿಗೆ. ಅಲ್ಲಿ ಹಳೆಯ ಪ್ರೋಗ್ರಾಮು ಕೂತಿದ್ದರೆ, ಜಾಗವಿಲ್ಲವೆಂದು ಲಿನಕ್ಸ್ ಹೊಸದನ್ನು ತಡೆದಿತ್ತು. ಮಿಲ್ಲಿನ ವಿಂಡೋಸ್ ತುಟಿಪಿಟಕ್ಕೆಂದಿರಲಿಲ್ಲ.

“ಬೆಳಗ್ಗೆ ಶುರು ಮಾಡಿದ್ದು ಯಾರು?” ಎಂದು ಗುಮಾಸ್ತರನ್ನು ಕೇಳಿದೆ.

“ಸಾವ್ಕಾರ್ರು. ಪೂಜೆ ಮುಗಿಸಿ ಅವರೇ ಒತ್ತಿದ್ರು.”

“ಅದಕ್ಕೂ ಮುಂಚೆ?”

“ಶುಕ್ರವಾರ ಅಲ್ವೇನ್ರಿ? ಅವರು ಬರೋವಷ್ಟ್ರಲ್ಲಿ ರಾಹುಕಾಲ ಹತ್ತಿರ್ತೈತೆ. ಅದಕ್ಕೆ ಮೊದ್ಲೇ ನಾನು ಹಳೇ ಪ್ರೋಗ್ರಾಮ್ ಒತ್ತಿ ಶುರು ಮಾಡಿ, ಪರದೆ ಮ್ಯಾಲೆ ಕಾಣದಂಗೆ ಕೆಳಗಿಳಿಸಿರ್ತೀನಿ. ಆಯುಧಪೂಜೆ ದಿನ ಹಾಕಿದ್ದು ಅದು. ಕೈಗುಣ ಐತೆ.”

ರಾಹುವಿಗೂ ಪೋರ್ಟಿಗೂ ಗಂಟು ಹಾಕಿದ ಮಹಾನುಭಾವ! ಹಳೆಯದು ಈ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸಗಳಲ್ಲಿ ಒಂದನ್ನೇ ಹಿಡಿದು ಕೂತಿತ್ತು, ಹೊಸದು ಎಲ್ಲ ವಿಳಾಸಗಳನ್ನೂ. ವಿಂಡೋಸ್ ಎರಡನ್ನೂ ಒಂದೇ ಬಾಗಿಲಲ್ಲಿ ಕೂರಿಸಿ, ಬಂದ ಸಂದೇಶವನ್ನೆಲ್ಲ ಒಂದೇ ವಿಳಾಸ ಹಿಡಿದಿದ್ದ ಹಳೆಯದಕ್ಕೆ ಕೊಡುತ್ತಿತ್ತು. ಹೊಸದು ತಾನು ಉಳಿಸಿಟ್ಟಿದ್ದ ನಿನ್ನೆಯ ಸಂಖ್ಯೆ ತೋರಿಸುತ್ತಾ ಸುಮ್ಮನೆ ಕಾಯುತ್ತಿತ್ತು. ಬಿಸಿ ಮೀರಿದರೆ ಕೂಗುವ ಸೈರನ್ನು ಇದ್ದದ್ದು ಹೊಸದಕ್ಕೆ ಮಾತ್ರ.

ಮರೆಯಲ್ಲಿದ್ದ ಹಳೆಯದನ್ನು ಪರದೆಯ ಮೇಲೆ ತಂದೆ. ಎಂಬತ್ತೊಂದು. ನೋಡುತ್ತಿದ್ದಂತೆಯೇ ಎಂಬತ್ತೆರಡು.

ಎದ್ದುಬಿದ್ದು ಓಡಿದೆ. “ಚಿಕ್ಕವ್ವಾ, ಹೊರಗೆ ಬಾ!”

“ತಡಿಯಪ್ಪ, ಇದೊಂದು ಚೀಲ ಹೊಲ್ದು ಬರ್ತೀನಿ.”

ರಟ್ಟೆ ಹಿಡಿದು ಎಳೆದು ತಂದೆ. ಹಮಾಲರು ರಾಶಿ ಕೆಡವಿದಾಗ ನಡುವಿನ ಚೀಲಗಳು ಕಪ್ಪಗಾಗಿದ್ದವು. ಗಾಳಿ ತಗುಲಿದ್ದೇ ಹೊಗೆ ಎದ್ದಿತು. ಅವಳು ಬೆನ್ನು ಆನಿಸಿ ಕೂರುತ್ತಿದ್ದದ್ದು ಆ ರಾಶಿಗೇ.

ಸುಟ್ಟ ಚೀಲಗಳನ್ನೆಲ್ಲ ಹೊರಗೆ ಹಾಕಿ ನೀರು ಹೊಯ್ದರು. ನಾನು ಹಳೆಯ ಪ್ರೋಗ್ರಾಮನ್ನು ಅಳಿಸಿದೆ. ಗುಮಾಸ್ತರು ಮುಖ ತಿರುಗಿಸಿಕೊಂಡರು. ಚಿಕ್ಕವ್ವ ದಬ್ಬಳ ಹಿಡಿದು ಕಂಪ್ಯೂಟರಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

“ಈಗ ಸರಿ ಐತೇನಪ್ಪ? ಗೋದಾಮಿನಾಗೆ ಕೂತ್ಕಳ್ಳಾ?”

ಪರದೆಯ ಮೇಲೆ ಸಂಖ್ಯೆ ಸರಿಯಾಗಿಯೇ ಏರಿ ಇಳಿಯುತ್ತಿತ್ತು.

“ಬ್ಯಾಡ,” ಅಂದೆ. “ಹೊರಗೇ ಕೂತ್ಕ.”