ಒಂದೇ ಕಂಬದ ಎರಡು ಲೈನು

ಚೋರನೂರಿನ ಒಂದು ಸಣ್ಣ ದವಾಖಾನೆಯಲ್ಲಿ ನಾನು ನರ್ಸು. ಎದೆನೋವಿನವರು ಬಂದರೆ ಇಸಿಜಿ ತೆಗೆದು ಇಂಟರ್ನೆಟ್ಟಿನಲ್ಲಿ ಹೊಸಪೇಟೆಯ ಡಾಕ್ಟರಿಗೆ ಕಳಿಸಬೇಕು. ಅವರು ನೋಡಿ ಹೂಂ ಅಂದರಷ್ಟೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ಹಾಳು ಲೈನು ಮಾತ್ರ ಗಾಳಿ ಬೀಸಿದರೆ ಸಾಕು, ಹೋಗುತ್ತಿತ್ತು. ಮೇಲಿನವರ ಜೊತೆ ಜಗಳಕ್ಕೆ ನಿಂತು ಬೇರೆ ಕಂಪನಿಯ ಇನ್ನೊಂದು ಲೈನು ಹಾಕಿಸಿದೆ. ಒಂದು ಸತ್ತರೆ ಇನ್ನೊಂದು ತಾನಾಗಿಯೇ ಹತ್ತಿಕೊಳ್ಳುವ ಪೆಟ್ಟಿಗೆಯೂ ಬಂತು. ಇನ್ನು ಚಿಂತೆಯಿಲ್ಲ ಎಂದು ನಿರಾಳವಾಗಿದ್ದೆ.

ಆ ಮಧ್ಯಾಹ್ನ ನನ್ನ ಸೋದರಮಾವ ಎದೆ ಹಿಡಿದುಕೊಂಡು ಬಂದ. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವನು. ಅಂಗಿಯೆಲ್ಲ ಬೆವರು.

"ಏನಿಲ್ಲವ್ವಾ, ಗ್ಯಾಸ್ ಆಗೈತಿ. ಒಂದು ಗುಳಿಗಿ ಕೊಡು, ಹೊಲಕ್ಕ ಹೋಗ್ಬೇಕು."

"ಸುಮ್ನ ಮಕ್ಕೋ ಮಾವಾ!" ಎಂದು ಗದರಿ ಇಸಿಜಿ ತೆಗೆದೆ. ನೋಡಿದರೆ ಹೃದಯಾಘಾತವೇ. ಕಳಿಸಿದೆ, ಹೋಗಲಿಲ್ಲ. ಪೆಟ್ಟಿಗೆಯ ಎರಡೂ ದೀಪ ಕೆಂಪು. ಮೊಬೈಲಿನಲ್ಲೂ ನೆಟ್‌ವರ್ಕ್ ಇಲ್ಲ. ಇಂಜೆಕ್ಷನ್ ಫ್ರಿಜ್ಜಿನಲ್ಲೇ ಇತ್ತು. ಕೊಡಬಹುದಾದ ಗುಳಿಗೆ ಕೊಟ್ಟು, ಪಕ್ಕದ ಅಂಗಡಿಯವರ ಜೀಪಿನಲ್ಲಿ ಸಂಡೂರಿಗೆ ಹೊರಟೆವು.

ಊರಾಚೆ ಜೀಪು ನಿಂತಿತು. ಅದಿರಿನ ಟಿಪ್ಪರ್ ಒಂದು ಮೇಲೆತ್ತಿದ್ದ ಹಿಂದಿನ ಡಬ್ಬಿ ಇಳಿಸದೆಯೇ ಹೊರಟು ವೈರುಗಳನ್ನೆಲ್ಲ ಹರಿದು ಹಾಕಿತ್ತು. ಎರಡೂ ಕಂಪನಿಯ ಲೈನು, ಮೊಬೈಲ್ ಟವರಿನದೂ ಸೇರಿ, ಒಂದೇ ಕಂಬದಿಂದ ಜೋತಾಡುತ್ತಿದ್ದವು. ಎರಡೂ ಕಂಪನಿಗೆ ದುಡಿಯುವವನು ಒಬ್ಬನೇ ಲೈನ್‌ಮ್ಯಾನ್. ಅವನು ಅಲ್ಲೇ ನಿಂತಿದ್ದ.

"ಲೇ, ಎರಡೂ ಒಂದ ಕಂಬಕ್ಕ ಕಟ್ಟೀಯೇನೋ?"

"ಇದ್ದ ಕಂಬಕ್ಕ ಕಟ್ಟೀನ್ರಿ ಅಕ್ಕಾ. ಎರಡನೇದು ಕೂಡ್ಲಿಗಿ ಕಡಿಂದ ತರೋದು ಭಾಳ ಸುತ್ತು ಆಗ್ತೈತಿ."

ಅವನನ್ನು ಅಲ್ಲೇ ಸಿಗಿದು ಹಾಕುವಷ್ಟು ಸಿಟ್ಟು ಬಂತು. ಬೈಯುವುದಕ್ಕೂ ಪುರುಸೊತ್ತಿರಲಿಲ್ಲ. ವೈರು ಸರಿಸಿ ಜೀಪು ಬಿಟ್ಟರು. ಸಂಡೂರು ಮುಟ್ಟುವ ಮೊದಲೇ ಮಾವ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟ.

ಸಂಜೆ ಮಾವನ ಹೆಣವನ್ನು ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಅತ್ತೆಯ ಕೈ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹೊಸಪೇಟೆಯ ಡಾಕ್ಟರು. ಲೈನು ಬಂದೊಡನೆ ದವಾಖಾನೆಯ ಕಂಪ್ಯೂಟರು ಮಧ್ಯಾಹ್ನ ಹೋಗದೆ ಉಳಿದಿದ್ದ ಇಸಿಜಿಯನ್ನು ತಾನಾಗಿಯೇ ಕಳಿಸಿಬಿಟ್ಟಿತ್ತು.

"ಸಿಸ್ಟರ್, ಈಗ ಬಂತು ನೋಡ್ರಿ. ಜಲ್ದಿ ಇಂಜೆಕ್ಷನ್ ಕೊಡ್ರಿ, ಉಳೀತಾರ."

ಫೋನು ಇಟ್ಟೆ.

"ಯಾರವ್ವಾ? ಏನಂತಾರ?" ಅತ್ತೆ ಕೇಳಿದಳು.

"ಏನಿಲ್ಲ ಅತ್ತಿ," ಅಂದೆ. "ಲೈನು ಬಂತಂತ."